ಎತ್ತಿಗೆ ಜ್ವರ, ಗೀಸರ್‌ಗೆ ಬರೆ

ಮನೆಯಲ್ಲಿ ಏನು ಕೆಟ್ಟರೂ ಒಬ್ಬ ಅಪರಾಧಿ ಬೇಕು. ಸಾರು ಕೆಟ್ಟರೆ ಪುಡಿ, ಮಗ ಕೆಟ್ಟರೆ ಮೊಬೈಲು, ಬಿಸಿನೀರು ಸಣ್ಣಗೆ ಬಂದರೆ ಗೀಸರ್. ಮೊದಲೆರಡು ಕೇಸಿನಲ್ಲಿ ಹೆಸರಿಗಾದರೂ ವಿಚಾರಣೆ ನಡೆಯುತ್ತದೆ. ಮೂರನೆಯದರಲ್ಲಿ ಮಾತ್ರ ಟವೆಲ್ ಸುತ್ತಿಕೊಂಡು ಹೊರಬಂದ ಯಜಮಾನರು, ತಲೆಯಲ್ಲಿ ಇನ್ನೂ ಶಾಂಪೂ ನೊರೆ ಇರುವಾಗಲೇ ತೀರ್ಪು ಕೊಟ್ಟುಬಿಡುತ್ತಾರೆ: "ಗೀಸರ್ ಹೋಯ್ತು ಕಣೇ." ಅಷ್ಟರಲ್ಲಿ ಅತ್ತೆಯವರು "ಇದು ಬೇಡ, ಇನ್ನೊಂದು ತಗೊಳ್ಳಿ ಅಂತ ಅಂಗಡೀಲೇ ಬಡ್ಕೊಂಡಿದ್ದೆ" ಎಂದು ಸಾಕ್ಷಿ ನುಡಿದಾಗಿರುತ್ತದೆ. ಕಾಫಿ ಲೋಟ ಕೆಳಗಿಡುವುದರೊಳಗೆ ಮಗಳು ಮೊಬೈಲಿನಲ್ಲಿ ಹೊಸದರ ರೇಟನ್ನೂ ನೋಡಿ ಮುಗಿಸಿರುತ್ತಾಳೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಗೀಸರ್ ಪರ ವಕಾಲತ್ತಿಗೆ ಯಾರೂ ಮುಂದೆ ಬರುವುದಿಲ್ಲವಾದ್ದರಿಂದ ಎರಡು ಮಾತು ನಾನೇ ಹೇಳುತ್ತೇನೆ.

ಮೊದಲನೆಯದು: ಗೀಸರ್‌ಗೆ ನೀರು ತಳ್ಳುವ ಶಕ್ತಿಯೇ ಇಲ್ಲ. ಅದರೊಳಗೆ ಪಂಪು ಇಲ್ಲ, ಮೋಟಾರು ಇಲ್ಲ. ಒಂದು ತೊಟ್ಟಿ, ಒಂದು ಕಾಯಿಲ್, ಒಂದು ಥರ್ಮೋಸ್ಟಾಟ್. ಕೆಳಗಡೆ ಎರಡು ಮೂತಿ, ಒಂದಕ್ಕೆ ನೀಲಿ ಗುರುತು, ಇನ್ನೊಂದಕ್ಕೆ ಕೆಂಪು. ನೀಲಿಯಲ್ಲಿ ತಣ್ಣೀರು ತಳದಿಂದ ಒಳಗೆ ಹೋಗುತ್ತದೆ. ಮೇಲೆ ಸೇರಿಕೊಂಡ ಬಿಸಿನೀರು ಕೆಂಪಿನಲ್ಲಿ ಆಚೆ ಬರುತ್ತದೆ. ನೀವು ನಲ್ಲಿ ತಿರುಗಿಸಿದಾಗ ಒಂದು ಚೊಂಬು ತಣ್ಣೀರು ಒಳಗೆ ನುಗ್ಗಿದರೆ ಒಂದು ಚೊಂಬು ಬಿಸಿನೀರು ಹೊರಗೆ. ನುಗ್ಗುವವರು ಇಲ್ಲದಿದ್ದರೆ ಹೊರಡುವವರೂ ಇಲ್ಲ. ನಮ್ಮ ಬೀದಿಯ ಪ್ಲಂಬರ್ ಈ ಇಡೀ ಪಾಠವನ್ನು ಬೀಡಿ ಹಚ್ಚುವ ಹೊತ್ತಿನಲ್ಲಿ ಮುಗಿಸುತ್ತಾನೆ: "ಬಿಸ್ನೀರು ಅಂತ ಬೇರೆ ನೀರಿಲ್ಲ ಸಾರ್. ತಣ್ಣೀರೇ ಒಂದು ರೌಂಡ್ ಹಾಕ್ಕೊಂಡ್ ಬರೋದು."

"ಮತ್ತೆ ಡಬ್ಬದ ಮೇಲೆ 8 ಬಾರ್ ಪ್ರೆಷರ್ ಅಂತ ಬರೆದಿದೆಯಲ್ಲ?" ಎಂದು ಓದಿಕೊಂಡವರು ಕೇಳುತ್ತಾರೆ. ಸ್ವಾಮಿ, ಅದು ಗೀಸರ್ ಕೊಡುವ ಒತ್ತಡವಲ್ಲ, ತಡೆದುಕೊಳ್ಳುವ ಒತ್ತಡ. ಎತ್ತರದ ಅಪಾರ್ಟ್‌ಮೆಂಟಿನ ಕೆಳಮಹಡಿಯಲ್ಲಿ ಮೇಲಿಂದ ಬೀಳುವ ನೀರಿನ ಭಾರಕ್ಕೆ ತೊಟ್ಟಿ ಬಿರಿಯದಿರಲಿ ಎಂದು ಬರೆದದ್ದು. ಸೇಲ್ಸ್ ಹುಡುಗ ಅದನ್ನು ಸ್ವಲ್ಪ ನಗುತ್ತಾ ಓದಿದ, ನೀವು ಸ್ವಲ್ಪ ಆಸೆಯಿಂದ ಕೇಳಿಸಿಕೊಂಡಿರಿ. ಇಬ್ಬರ ಮೇಲೂ ಕೇಸಿಲ್ಲ.

ಇನ್ನು ಎರಡನೆಯದು: ಹಾಗಾದರೆ ಜೋರು ಬರುವುದು ಎಲ್ಲಿಂದ? ಮೇಲಿಂದ. ದೇವರೆಂದುಕೊಳ್ಳಬೇಡಿ, ತಾರಸಿಯ ಟ್ಯಾಂಕಿನಿಂದ. ಬೆಂಗಳೂರಿನ ಕಾವೇರಿ ಕಥೆಯನ್ನೇ ನೋಡಿ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ, ಹಾರೋಹಳ್ಳಿಯಲ್ಲೊಮ್ಮೆ ತಾತಗುಣಿಯಲ್ಲೊಮ್ಮೆ ಪಂಪಿನ ಮೇಲೆ ಪಂಪು ಹಾಕಿ ಆ ತಾಯಿಯನ್ನು ಹತ್ತಿಸಿಕೊಂಡು ಬರುತ್ತಾರೆ. ಮೊದಲನೇ ಹಂತದ ನೀರು ಊರಿಗೆ ಬಂದದ್ದು 1974ರಲ್ಲಿ. ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ. ಇಷ್ಟೆಲ್ಲ ಸರ್ಕಸ್ ಮಾಡಿ ಬಂದ ನೀರು ನಿಮ್ಮ ಸಂಪಿಗೆ ಇಳಿಯುತ್ತದೆ, ನಿಮ್ಮ ಮೋಟಾರು ಅದನ್ನು ಮತ್ತೆ ತಾರಸಿಗೆ ಏರಿಸುತ್ತದೆ. ಕಡೆಯ ಹತ್ತು ಹನ್ನೆರಡು ಅಡಿ ಮಾತ್ರ ಅದು ತನ್ನ ಪಾಡಿಗೆ ತಾನು ಬೀಳಬೇಕು. ಎಡವಟ್ಟಾಗುವುದು ಅಲ್ಲೇ.

ಲೆಕ್ಕ ಸುಲಭ. 10 ಮೀಟರ್ ಎತ್ತರದ ನೀರು ಹತ್ತಿರ ಹತ್ತಿರ 1 ಬಾರ್ ಒತ್ತಡ ಕೊಡುತ್ತದೆ. ಮೇಲಿನ ಮಹಡಿಯ ಬಚ್ಚಲಿನ ಷವರಿಗೂ ಟ್ಯಾಂಕಿನ ನೀರಿಗೂ ನಡುವೆ ಇರುವುದು ಬಹಳವೆಂದರೆ 3 ಮೀಟರ್, ಅಂದರೆ 0.3 ಬಾರ್. ಮೂರಂತಸ್ತಿನ ಮನೆಯಾದರೆ ನೆಲಮಹಡಿಯವರಿಗೆ ಅದರ ಮೂರರಷ್ಟು. ಗಾಳಿ ಬೆಳಕು ಚೆನ್ನಾಗಿದೆ ಎಂದು ಮೇಲಿನ ಮಹಡಿಯನ್ನು ತನಗೇ ಇಟ್ಟುಕೊಂಡು, ಕತ್ತಲೆಯ ಕೆಳಮನೆಯನ್ನು ಬಾಡಿಗೆಗೆ ಕೊಟ್ಟ ಓನರ್ ಬೆಳಗ್ಗೆ ನೂಲಿನೆಳೆ ನೀರಲ್ಲಿ ಮೈ ಒದ್ದೆ ಮಾಡಿಕೊಳ್ಳುವಾಗ, ಬಾಡಿಗೆಯವನು ಕೆಳಗೆ ಭರ್ರೆಂದು ಜಳಕ ಮಾಡುತ್ತಿರುತ್ತಾನೆ. ಓನರ್ ಬಾಡಿಗೆ ಏರಿಸಬಹುದು, ಟ್ಯಾಂಕ್ ಏರಿಸದೆ ನೀರಿನ ಜೋರು ಏರುವುದಿಲ್ಲ.

ಈ 0.3 ಬಾರಿನ ಮನೆಗೇ ಒಬ್ಬರು ತಟ್ಟೆಯಗಲದ ರೇನ್ ಷವರ್ ತರುತ್ತಾರೆ. ದುಬೈ ಹೋಟೆಲಿನಲ್ಲಿ ನೋಡಿದ್ದರಂತೆ. ಅಲ್ಲಿ ಅದರ ಹಿಂದೆ ಪಂಪು ಕೂತಿರುತ್ತದೆ, ಆದರೆ ಪಂಪು ಫೋಟೋದಲ್ಲಿ ಬರುವುದಿಲ್ಲ. ಇಲ್ಲಿ ಅದೇ ಷವರಿನ ನೂರಾರು ತೂತಿಗೆ ಇರುವಷ್ಟು ನೀರನ್ನು ಹಂಚಿದರೆ ಒಂದೊಂದು ತೂತಿಗೂ ತೀರ್ಥದಷ್ಟು ಬರುತ್ತದೆ. ಭುಜ ಒದ್ದೆಯಾದರೆ ಬೆನ್ನು ಒಣಗಿರುತ್ತದೆ. ಆಗಲೂ ಬೈಗುಳ ಗೀಸರ್‌ಗೆ.

ನೀರು ಕಡಿಮೆಯಿರುವ ಮನೆಗಳನ್ನು ಬೆಳಗಿನ ಕೂಗಿನಿಂದಲೇ ಗುರುತಿಸಬಹುದು. ಒಳಗಿನಿಂದ, "ಅಮ್ಮಾ, ಅಡುಗೆಮನೆ ನಲ್ಲಿ ನಿಲ್ಸೂ!" ಹೊರಗಿನಿಂದ, "ಅಕ್ಕಿ ತೊಳೀಬೇಕು, ಒಂದ್ನಿಮಿಷ ನಿಂತ್ಕೊಳ್ಳೋ!" ಒಂದೇ ಇಳಿಪೈಪಿಗೆ ಅಡುಗೆಮನೆ, ಬಚ್ಚಲು, ವಾಷಿಂಗ್ ಮೆಷೀನು ಮೂರೂ ನೇತುಬಿದ್ದರೆ ಮೊದಲು ಸೊರಗುವುದು ಬಿಸಿನೀರೇ. ತಣ್ಣೀರು ನೇರ ದಾರಿಯಲ್ಲಿ ಬಂದುಬಿಡುತ್ತದೆ. ಬಿಸಿನೀರಿನದು ಸುತ್ತು ದಾರಿ: ಆಂಗಲ್ ಕಾಕ್, ಫ್ಲೆಕ್ಸಿಬಲ್ ಪೈಪು, ಎನ್‌ಆರ್‌ವಿ (ನೀರು ಹಿಂದಕ್ಕೆ ಓಡದಂತೆ ತಡೆಯುವ ವಾಲ್ವ್), ತೊಟ್ಟಿ, ಮತ್ತೆ ಪೈಪು, ಗೋಡೆಯೊಳಗೆ ನಾಲ್ಕಾರು ಎಲ್ಬೋ, ಕೊನೆಗೆ ಮಿಕ್ಸರ್. ದಾರಿಯಲ್ಲಿ ಸಿಕ್ಕವರೆಲ್ಲ ಸ್ವಲ್ಪ ಸ್ವಲ್ಪ ಸುಂಕ ವಸೂಲಿ ಮಾಡಿರುತ್ತಾರೆ.

ಅಪರಾಧಿ ಯಾರೆಂದು ಕಂಡುಹಿಡಿಯಲು ಎರಡು ಬಕೆಟ್ ಸಾಕು. ಒಂದಕ್ಕೆ ತಣ್ಣೀರು, ಇನ್ನೊಂದಕ್ಕೆ ಬಿಸಿನೀರು, ಅದೇ ಬಚ್ಚಲಲ್ಲಿ, ಗಡಿಯಾರ ನೋಡಿಕೊಂಡು ಹಿಡಿಯಿರಿ. ಎರಡೂ ತುಂಬಲು ಒಂದೇ ಸಮ ತಡವಾದರೆ ಗೀಸರ್ ನಿರಪರಾಧಿ. ಟ್ಯಾಂಕಿನ ಕಡೆ, ತಾರಸಿಯ ವಾಲ್ವಿನ ಕಡೆ ನೋಡಿ. ತಣ್ಣೀರು ದಡದಡ ತುಂಬಿ ಬಿಸಿನೀರು ಮಾತ್ರ ಅಳುತ್ತಿದ್ದರೆ, ಅದೇ ಗೀಸರ್‌ನಿಂದ ನೀರು ಪಡೆಯುವ ಇನ್ನೊಂದು ನಲ್ಲಿ ತಿರುಗಿಸಿ. ಅಲ್ಲಿ ಜೋರಾಗಿ ಬಂದರೆ ರೋಗ ಇರುವುದು ನಿಮ್ಮ ಈ ನಲ್ಲಿಯಲ್ಲಿ. ಅಲ್ಲೂ ಸಣ್ಣಗಿದ್ದರೆ ಗೀಸರ್ ಅಥವಾ ಅದರ ಅಕ್ಕಪಕ್ಕದ ನೆಂಟರು. ಇಷ್ಟಕ್ಕೆ ಖರ್ಚು ಸೊನ್ನೆ. ಖರ್ಚಿಲ್ಲದ್ದರಿಂದಲೇ ಯಾರೂ ಮಾಡುವುದಿಲ್ಲ.

ಹುಡುಕಾಟ ಶುರುವಾಗಬೇಕಾದ್ದು ಅತಿ ಅಗ್ಗದ ತುದಿಯಿಂದ. ನಾವು ಶುರು ಮಾಡುವುದು ಅತಿ ದುಬಾರಿಯ ತುದಿಯಿಂದ. ಅಗ್ಗದ ತುದಿ ಎಂದರೆ ನಲ್ಲಿಯ ಮೂತಿಯಲ್ಲಿರುವ ಜಾಲರಿ. ಕೈಯಲ್ಲೇ ತಿರುಪಿ ಬಿಚ್ಚಿದರೆ ಒಳಗೊಂದು ವಸ್ತುಸಂಗ್ರಹಾಲಯವೇ ಸಿಗುತ್ತದೆ: ಬಿಳಿ ಚಕ್ಕೆ, ಮರಳು, ವಾಷರಿನ ಕರಿ ಚೂರು, ಹಿಂದಿನ ಪ್ಲಂಬರ್ ಸುತ್ತಿದ ಟೆಫ್ಲಾನ್ ಟೇಪಿನ ಎಳೆ. ಷವರಿನ ತಲೆಯಲ್ಲೂ ಇದೇ ಸಂಗ್ರಹ. ಒಂದು ರಾತ್ರಿ ವಿನಿಗರ್‌ನಲ್ಲೋ ಹುಣಸೆ ನೀರಲ್ಲೋ ನೆನೆಸಿಟ್ಟು, ಬೆಳಗ್ಗೆ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದರೆ ತೂತು ಕಣ್ಣು ಬಿಡುತ್ತದೆ. ಹುಣಸೆಹಣ್ಣು ಬಚ್ಚಲಿಗೆ ಹೋದದ್ದು ಕಂಡು ಅಡುಗೆಮನೆ ಇಲಾಖೆಯಿಂದ ಆಕ್ಷೇಪಣೆ ಬರಬಹುದು. ಸಾರಿಗೆ ಬೇಡದ ಹಳೇ ಕಪ್ಪು ಹುಣಸೆ ಇದ್ದೇ ಇರುತ್ತದಲ್ಲ, ಅದನ್ನು ಬೇಡಿ ಪಡೆಯಿರಿ.

ಜಾಲರಿ ಚೊಕ್ಕವಾಗಿದ್ದರೆ ಗೀಸರ್‌ನ ಕೆಳಗೆ ಕತ್ತು ಎತ್ತಿ ನಿಲ್ಲಿ. ನೀಲಿ ಕಡೆಯ ಆಂಗಲ್ ಕಾಕ್ ಪೂರ್ತಿ ಬಿಟ್ಟಿದೆಯೇ? ಬಹಳ ಮನೆಗಳಲ್ಲಿ ಅದು ಅರ್ಧ ಮುಚ್ಚಿರುತ್ತದೆ. ಮುಚ್ಚಿದ್ದು ಯಾರು ಎಂದು ಕೇಳಿ ನೋಡಿ, ಮನೆಯೇ ಮೌನ. ಸುಣ್ಣಬಣ್ಣದವನು ಎಂದರೆ ಅವನು ಬಂದು ಎರಡು ದೀಪಾವಳಿ ಆಯಿತು. ಟ್ಯಾಂಕ್ ತೊಳೆಯಲು ಬಂದವನೇ, ಟೈಲ್ಸ್ ಉಜ್ಜಿದವರೇ, ರಜಕ್ಕೆ ಬಂದು ಕಂಡಕಂಡದ್ದೆಲ್ಲ ತಿರುಗಿಸುವ ತಂಗಿಯ ಮಗನೇ? ಆ ವಿಚಾರಣೆಗೆ ಇಳಿಯಬೇಡಿ, ಸುಮ್ಮನೆ ತಿರುಗಿಸಿ. ಕೆಲವು ಕಾಕ್‌ಗಳು ಇನ್ನೂ ಖದೀಮರು: ಹಿಡಿ ಸುತ್ತುತ್ತದೆ, ಒಳಗಿನ ಸ್ಪಿಂಡಲ್ ಅಲ್ಲಾಡುವುದಿಲ್ಲ. ಹೊರಗೆ ಪೂರ್ತಿ ತೆರೆದ ಮುಖ, ಒಳಗೆ ಮುಕ್ಕಾಲು ಮುಚ್ಚಿದ ಬಾಗಿಲು. ಅಂಥದ್ದನ್ನು ಬದಲಾಯಿಸಲೇಬೇಕು.

ಅಲ್ಲಿಂದ ಮುಂದೆ ಫ್ಲೆಕ್ಸಿಬಲ್ ಪೈಪು. ಹೊರಗೆ ಮಿರಮಿರ ಸ್ಟೀಲ್ ಹೆಣಿಗೆ, ಒಳಗೆ ಬಡಪಾಯಿ ರಬ್ಬರ್ ನಳಿಗೆ. ಬಿಸಿಯಲ್ಲಿ ವರ್ಷಗಟ್ಟಲೆ ಬೆಂದ ರಬ್ಬರ್ ಊದಿಕೊಂಡು ತನ್ನ ಗಂಟಲನ್ನು ತಾನೇ ಮುಚ್ಚಿಕೊಳ್ಳುತ್ತದೆ. ಇಲ್ಲವೇ ಉದ್ದ ಜಾಸ್ತಿಯಾಯಿತೆಂದು ಯಾರೋ ಸುತ್ತಿ ತುರುಕಿದ್ದರಿಂದ ನಡುವೆ ಮಡಚಿಕೊಂಡಿರುತ್ತದೆ. ಇದು ಗೀಸರ್ ಬೆಲೆಯ ಮುಂದೆ ಚಿಲ್ಲರೆ ಖರ್ಚು.

ಇನ್ನು ಸೇಫ್ಟಿ ವಾಲ್ವ್ ಎಂಬ ಪುಟ್ಟ ಹಿತ್ತಾಳೆ ಗುಂಡು. ತಣ್ಣೀರಿನ ಮೂತಿಯಲ್ಲಿ ಕೂತ ಅದು ಎರಡು ಕೆಲಸ ಮಾಡುತ್ತದೆ: ಬಿಸಿನೀರು ಹಿಂದಕ್ಕೆ ಟ್ಯಾಂಕಿಗೆ ಓಡದ ಹಾಗೆ ಬಾಗಿಲು ಹಾಕುತ್ತದೆ, ಒಳಗೆ ಒತ್ತಡ ಅತಿಯಾದರೆ ಪಕ್ಕದ ಸಣ್ಣ ಬಾಯಿಂದ ಹೊರಗೆ ಬಿಡುತ್ತದೆ. ಚಕ್ಕೆ ಸಿಕ್ಕಿ ಒಳಬಾಗಿಲು ಅರ್ಧಕ್ಕೆ ನಿಂತರೆ ನೀರೂ ಅರ್ಧಕ್ಕೆ ನಿಲ್ಲುತ್ತದೆ. ಕಾಯುವಾಗ ಆ ಸಣ್ಣ ಬಾಯಿ ಒಂದೆರಡು ಹನಿ ತೊಟ್ಟಿಕ್ಕಿಸಿದರೆ ಅದು ರೋಗವಲ್ಲ, ಡ್ಯೂಟಿ. ಆದರೆ ನಮ್ಮಲ್ಲಿ ತೊಟ್ಟಿಕ್ಕುವುದನ್ನು ನೋಡಿ ಸುಮ್ಮನಿರುವ ಅಭ್ಯಾಸ ಇಲ್ಲ. "ನೀರು ವೇಸ್ಟ್ ಆಗ್ತಿದೆ" ಎಂದು ಅದಕ್ಕೊಂದು ಡಮ್ಮಿ ಹಾಕಿ ಬಿಗಿಸುವ ಭೂಪರಿದ್ದಾರೆ. ತಮಾಷೆ ಇಲ್ಲಿಗೆ ನಿಲ್ಲಿಸಿ ಹೇಳುತ್ತೇನೆ: ಅದನ್ನು ಮುಚ್ಚಬಾರದು. ಥರ್ಮೋಸ್ಟಾಟ್ ಕೈಕೊಟ್ಟ ದಿನ ಉಗಿ ಹೋಗಲು ದಾರಿಯಿಲ್ಲದೆ ತೊಟ್ಟಿಯೇ ಸಿಡಿಯಬಹುದು. ಗೀಸರ್‌ನ ಯಾವ ಭಾಗ ಬಿಚ್ಚುವ ಮುಂಚೆಯೂ ಅದರ ಎಂಸಿಬಿ ಇಳಿಸಿ, ನೀರು ಆರುವ ತನಕ ಕಾಯಿರಿ. ಇಷ್ಟೂ ಮಾಡುವ ತಾಳ್ಮೆ ಇಲ್ಲದವರು ಪ್ಲಂಬರ್‌ಗೆ ಫೋನ್ ಮಾಡಿ ಕಾಫಿ ಕುಡಿಯಿರಿ.

ಈಗ ಬಂತು ಬಿಳಿ ಚಕ್ಕೆಯ ವಿಷಯ. ಇದರಲ್ಲಿ ನನಗೆ ಸ್ವಲ್ಪ ಹೆಚ್ಚಿನ ಆಸಕ್ತಿ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿ ಕಣ್ಣಿಗೆ ಬೀಳದೆ ಕೂತಿರುತ್ತದೆ. ತಣ್ಣಗಿರುವಷ್ಟು ಹೊತ್ತು ಬಲು ಸಾಧು. ಕಾಯಿಸಿದಿರೋ, ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ಸರಕೇ, ಕಾಯಿಲ್ ಮೇಲೆ, ತೊಟ್ಟಿಯ ಗೋಡೆಗೆ, ಹೊರಹೋಗುವ ಪೈಪಿನ ಬಾಯಿಗೆ ಮೆತ್ತಿಕೊಳ್ಳುತ್ತದೆ. ತಣ್ಣೀರಿನ ಪೈಪು ಚೆನ್ನಾಗಿದ್ದು ಬಿಸಿನೀರಿನದು ಮಾತ್ರ ಕಟ್ಟಿಕೊಳ್ಳುವ ಗುಟ್ಟು ಇದು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಒಪ್ಪುವ ಮಿತಿ. ಬೇರೆ ನೀರೇ ಇಲ್ಲವೆಂದರೆ 600ರ ತನಕ ಸಹಿಸಬಹುದು. ಬೆಂಗಳೂರಿನ ಹೊರವಲಯದಲ್ಲಿ ಸಾವಿರ ಅಡಿ ಕೊರೆದು ತೆಗೆದ ನೀರು ಯಾವ ಮಿತಿ ಕೇಳೀತು? ಮೇಲಿಂದ ಥರ್ಮೋಸ್ಟಾಟನ್ನು ಕೊನೆಯ ಗೆರೆಗೆ ತಿರುಗಿಸಿಟ್ಟಿರುತ್ತೇವೆ. ನೀರು ಹೆಚ್ಚು ಕಾದಷ್ಟೂ ಕಲ್ಲು ಹೆಚ್ಚು ಕಟ್ಟುತ್ತದೆ. ಕೈ ಸುಡುವಷ್ಟು ಕಾಯಿಸಿ ಆಮೇಲೆ ಅರ್ಧ ಬಕೆಟ್ ತಣ್ಣೀರು ಬೆರೆಸುವ ಶೂರರೇ, 55-60 ಡಿಗ್ರಿ ಸಾಕು.

ಪೈಪಿನ ಒಳಗಲ ಅರ್ಧಕ್ಕೆ ಇಳಿದರೆ ನೀರೂ ಅರ್ಧ ಬರುತ್ತದೆಂದು ತಿಳಿಯಬೇಡಿ. ಐದರಲ್ಲಿ ಒಂದು ಪಾಲು ಬಂದರೆ ಪುಣ್ಯ. ಅದಕ್ಕೇ ತಿಂಗಳುಗಟ್ಟಲೆ ಏನೂ ಗೊತ್ತಾಗದೆ ಇದ್ದು, ಒಂದು ದಿನ "ನೆನ್ನೆವರೆಗೂ ಸರಿಯಾಗಿತ್ತು" ಎಂಬ ಮಾತು ಹುಟ್ಟುವುದು.

ಇಲ್ಲೊಂದು ಅಡ್ಡಮಾತು. ಹಂಡೆಯಲ್ಲೂ ಇದೇ ನೀರು ಕಾಯುತ್ತಿತ್ತು, ಇದೇ ಬಿಳಿ ಪದರ ಕಟ್ಟುತ್ತಿತ್ತು. ಆದರೆ ಹಂಡೆಗೆ ವರ್ಷಕ್ಕೊಂದು ಸರ್ವಿಸ್ ಕಡ್ಡಾಯ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಅವತ್ತು ಹಂಡೆಯನ್ನು ಒಲೆಯಿಂದ ಇಳಿಸಿ, ಹುಣಸೆಹಣ್ಣು ಹಾಕಿ ಒಳಗೆ ಹೊರಗೆ ತಿಕ್ಕಿ, ಕುತ್ತಿಗೆಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿಸಿ ಕೈಮುಗಿಯಬೇಕು. ತಿಕ್ಕಿದವರು ಹೆಂಗಸರು, ಮರುದಿನ ಎಣ್ಣೆನೀರು ಹಾಕಿಸಿಕೊಂಡು ಕೆಂಪಗೆ ಕೂತವರು ಗಂಡಸರು. ಆ ಲೆಕ್ಕ ಇನ್ನೊಂದು ದಿನಕ್ಕಿರಲಿ. ಗೀಸರ್ ಬಂದ ಮೇಲೆ ಹಬ್ಬ ಉಳಿಯಿತು, ತಿಕ್ಕುವುದು ಹೋಯಿತು. ಮುಚ್ಚಿದ ತೊಟ್ಟಿಗೆ ಹೊರಗಿನಿಂದ ಒಂದು ಕುಂಕುಮ, ಒಂದು ಎಳೆ ಹೂವು. ಒಳಗೆ ಮೆಗ್ನೀಸಿಯಂ ಕಡ್ಡಿಯೊಂದು ತೊಟ್ಟಿ ತುಕ್ಕು ಹಿಡಿಯದಿರಲೆಂದು ತಾನು ಸವೆದು ಸವೆದು ಕರಗಿಹೋಗಿರುತ್ತದೆ. ಅದು ಅಲ್ಲಿ ಇತ್ತೆಂಬುದೇ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ನನ್ನ ಸಲಹೆ ಇಷ್ಟು: ಬೋರ್ ನೀರಿನ ಮನೆಯವರು ನೀರು ತುಂಬುವ ಹಬ್ಬಕ್ಕೆ ಒಂದು ವಾರ ಮುಂಚೆ ಸರ್ವಿಸ್‌ನವನನ್ನು ಕರೆಸಿ ತೊಟ್ಟಿ ಬಿಚ್ಚಿಸಿ. ಬಕೆಟ್ಟಿನಲ್ಲಿ ಅವನು ತೋರಿಸುವ ಕಲ್ಲಿನ ರಾಶಿ ನೋಡಿ ಮನೆಯವರೆಲ್ಲ "ಅಯ್ಯೋ, ಇದರಲ್ಲೇ ಸ್ನಾನ ಮಾಡ್ತಿದ್ವಾ!" ಎಂದು ಒಕ್ಕೊರಲಿನಿಂದ ಮುಖ ಸಿಂಡರಿಸುವುದೂ ಒಂದು ಹಬ್ಬವೇ.

ಕೆಲವರ ದೂರು ಮಾತ್ರ ದೂರೇ ಅಲ್ಲ. ಅವರ ಮನೆಯಲ್ಲಿರುವುದು 3 ಲೀಟರಿನ ಇನ್‌ಸ್ಟಂಟ್ ಗೀಸರ್. 3 ಕಿಲೋವ್ಯಾಟ್ ಕಾಯಿಲ್ ನಿಮಿಷಕ್ಕೆ ಒಂದು ಲೀಟರ್ ನೀರನ್ನು ಹೆಚ್ಚೆಂದರೆ 43 ಡಿಗ್ರಿ ಏರಿಸಬಲ್ಲದು. ಎರಡು ಲೀಟರ್ ಆದರೆ ಅದರ ಅರ್ಧ. ಅದಕ್ಕೇ ಅನುಭವಸ್ಥರು ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಟ್ಟುಕೊಂಡು 20 ಲೀಟರಿನ ಬಕೆಟ್ ತುಂಬಲು ಹತ್ತು ನಿಮಿಷ ಕಾಯುವುದು. ಜೋರಾಗಿಯೂ ಬರಬೇಕು, ಸುಡುತ್ತಲೂ ಇರಬೇಕು, ಕರೆಂಟ್ ಬಿಲ್ಲೂ ಏರಬಾರದು ಎಂದರೆ ಅದಕ್ಕೆ ಪ್ಲಂಬರ್ ಸಾಲದು, ವರ ಕೊಡುವವರೇ ಬೇಕು.

ಮಿಕ್ಸರಿನ ಒಳಜಗಳವೂ ಒಂದಿದೆ. ಹ್ಯಾಂಡ್ ಷವರನ್ನು ಹಿಡಿಯಲ್ಲಷ್ಟೇ ಮುಚ್ಚಿ, ಗೋಡೆಯ ಎರಡೂ ತಿರುಪು ತೆರೆದೇ ಬಿಟ್ಟು ಹೋಗುತ್ತಾರೆ. ಆಗ ತಣ್ಣೀರು ಬಿಸಿನೀರಿನ ಪೈಪಿಗೇ ನುಗ್ಗಿ ಅದನ್ನು ಹಿಮ್ಮೆಟ್ಟಿಸುತ್ತದೆ. ಎನ್‌ಆರ್‌ವಿಯೂ ಕೆಟ್ಟಿದ್ದರೆ ಬಿಸಿನೀರು ತಣ್ಣೀರಿನ ಪೈಪಿನಲ್ಲಿ ಸಂಚಾರ ಹೊರಟು ಕಮೋಡಿನ ಫ್ಲಷ್ ಟ್ಯಾಂಕಿನಲ್ಲಿ ತಂಗುತ್ತದೆ. ಅಂಥ ಮನೆಯಲ್ಲಿ ಮನುಷ್ಯರಿಗೆ ತಣ್ಣೀರು, ಕಮೋಡಿಗೆ ಅಭ್ಯಂಜನ.

ಸೋಲಾರ್ ಮನೆಯವರು "ನಮ್ಮಲ್ಲಿ ಗೀಸರ್ ರಗಳೆಯೇ ಇಲ್ಲ" ಎಂದು ನಗುತ್ತಿದ್ದಾರೆ. ನಗಲಿ. ಅವರ ರಗಳೆಯ ಹೆಸರು ಏರ್ ಲಾಕ್. ತಾರಸಿಯಿಂದ ಇಳಿಯುವ ಪೈಪು ನೆಟ್ಟಗೆ ಇಳಿಯದೆ ಎಲ್ಲೋ ಒಂದು ಕಡೆ ಮೇಲೆ ಹತ್ತಿ ಇಳಿದರೆ ಆ ಗೂನಿನಲ್ಲಿ ಗಾಳಿ ಕೂತುಕೊಳ್ಳುತ್ತದೆ, 0.3 ಬಾರಿಗೆ ಅದನ್ನು ಎಬ್ಬಿಸುವ ತಾಕತ್ತಿಲ್ಲ. ನಮ್ಮ ಪ್ಲಂಬರ್ ಮಿಕ್ಸರಿನ ಮೂತಿಗೆ ಅಂಗೈ ಒತ್ತಿ ಎರಡೂ ತಿರುಪು ಬಿಡುತ್ತಾನೆ. ತಣ್ಣೀರು ಬಿಸಿನೀರಿನ ಪೈಪಿಗೆ ಹಿಂದಿನಿಂದ ನುಗ್ಗಿ, ಗಾಳಿಯನ್ನು ದೂಡಿಕೊಂಡು ತಾರಸಿಯ ಏರ್ ಪೈಪಿನವರೆಗೂ ಓಡುತ್ತದೆ. ಗಳಗಳ ಸದ್ದು, ಆಮೇಲೆ ನೀರು. ಮುನ್ನೂರು ರೂಪಾಯಿ ಕೇಳುತ್ತಾನೆ. ಅಂಗೈಗಲ್ಲ, ಎಲ್ಲಿ ಒತ್ತಬೇಕೆಂದು ಗೊತ್ತಿದ್ದದ್ದಕ್ಕೆ.

ಇಷ್ಟಕ್ಕೂ ಜಗ್ಗದವರು ಪ್ರೆಷರ್ ಪಂಪ್ ಹಾಕಿಸುತ್ತಾರೆ. ಹಾಕಿಸಲಿ, ಮೇಲಿನ ಮಹಡಿಗೆ ಅದೇ ಸರಿಯಾದ ಮದ್ದು. ಆದರೆ ಬಿಸಿ, ತಣ್ಣೀರು ಎರಡಕ್ಕೂ ಒಂದೇ ಜೋರು ಸಿಗುವ ಹಾಗೆ ಹಾಕಿಸಬೇಕು; ತಣ್ಣೀರಿಗೆ ಮಾತ್ರ ಕೊಟ್ಟರೆ ಮಿಕ್ಸರಿನಲ್ಲಿ ಬಿಸಿನೀರು ಇನ್ನಷ್ಟು ಮೂಲೆಗುಂಪು. ಸೋಲಾರಿನ ಮಾಮೂಲಿ ತೊಟ್ಟಿಗೆ ಪಂಪಿನ ಒತ್ತಡ ಕೊಡಲೇಬಾರದು. ಅದು ಒತ್ತಡ ತಡೆಯಲು ಹುಟ್ಟಿದ ತೊಟ್ಟಿಯಲ್ಲ. ಪಂಪು ಅದರ ಹೊರಹರಿವಿನ ಕಡೆ ಇರಲಿ.

ಎಲ್ಲ ಸರಿಯಾಯಿತು ಎಂದುಕೊಳ್ಳೋಣ. ಜಾಲರಿ ತೊಳೆದದ್ದಾಯಿತು, ಪೈಪು ಬದಲಾಯಿತು, ತೊಟ್ಟಿ ಚೊಕ್ಕವಾಯಿತು, ನೀರು ರಾಚುತ್ತಿದೆ. ಮೊದಲು ಹೋದ ಮಗರಾಯ ಹಾಡು ಹೇಳಿಕೊಂಡು ನಿಂತ. 15 ಲೀಟರಿನ ತೊಟ್ಟಿ. ತಣ್ಣೀರು ಬೆರೆಸಿದರೂ ಮೂವತ್ತು, ಮೂವತ್ತೈದು ಲೀಟರ್ ದಾಟುವುದಿಲ್ಲ. ನೀರು ಸಣ್ಣಗಿದ್ದಾಗ ಅಷ್ಟೇ ನೀರು ಹದಿನೈದು ನಿಮಿಷ ಬರುತ್ತಿತ್ತು, ಈಗ ನಾಲ್ಕು ನಿಮಿಷಕ್ಕೆ ಖಾಲಿ. ಮತ್ತೆ ಕಾಯಲು 2 ಕಿಲೋವ್ಯಾಟ್ ಕಾಯಿಲ್‌ಗೆ ಹದಿನೆಂಟು ನಿಮಿಷ ಬೇಕು. ಆಫೀಸಿನ ಕ್ಯಾಬ್ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದೆ. ಎರಡನೆಯ ಸರದಿಯ ಯಜಮಾನರು ಒಳಗಿನಿಂದ ಕೂಗುತ್ತಿದ್ದಾರೆ, "ಲೇ, ಆ ಪ್ಲಂಬರ್‌ನ ಕರೀರೇ, ಫೋರ್ಸ್ ಸ್ವಲ್ಪ ಕಮ್ಮಿ ಮಾಡ್ಲಿ!"